ಐದೇ ನಿಮಿಷ

ಇವತ್ತು ಬೆಳಿಗ್ಗೆ ಈ ವರ್ಷದ ನಾಲ್ಕನೇ ಚಾರ್ಜರ್ ತೀರಿಕೊಂಡಿತು. ಪುಣ್ಯಕ್ಕೆ ಮೊಬೈಲ್ ಕಡೆಯ ವೈರು. ಪಕ್ಕದಲ್ಲೇ ನಮ್ಮ ಮೊಲ ಬೆಲ್ಲ ಮೂಗು ಕುಣಿಸುತ್ತಾ ಏಕಾದಶಿಯ ಮುಖ ಹೊತ್ತು ಕೂತಿದ್ದ. ಇನ್ನೊಂದು ಮೊಲ ಅವಲಕ್ಕಿ ಸೋಫಾ ಕೆಳಗೆ. ಅವಳದು ಯಾವಾಗಲೂ ಸಾಕ್ಷಿಯ ಪಾತ್ರ.

ಮೊಲಗಳ ಮೇಲೆ ನನಗೆ ಸಿಟ್ಟಿಲ್ಲ. ಅವುಗಳ ಹಲ್ಲು ಸಾಯೋತನಕ ಬೆಳೆಯುತ್ತದೆ, ಮುಂದಿನದು ವಾರಕ್ಕೆ ಸುಮಾರು 2 ಮಿಲಿಮೀಟರ್. ಒಣಹುಲ್ಲು ಅಗಿದಗಿದೇ ಸವೆಸಬೇಕು. ಬಿಲ ತೋಡುವಾಗ ಅಡ್ಡ ಬಂದ ಬೇರು ಕತ್ತರಿಸೋದು ಹುಟ್ಟುಗುಣ. ನೆಲದ ಮೇಲಿನ ವೈರೂ ಅವಕ್ಕೆ ಒಂದು ಬೇರು. ಪ್ಲಾಸ್ಟಿಕ್ ನುಂಗಿದರೆ ವಾಂತಿ ಮಾಡಲೂ ಬರುವುದಿಲ್ಲ. ಇದನ್ನೆಲ್ಲ ಡಾಕ್ಟರ್ ಹೇಳಿದ ದಿನ ನಮ್ಮ ಯಜಮಾನರಿಗೆ ಆವೇಶ ಬಂತು. ಗಿಡಕ್ಕೆ ನೀರು ಬಿಡುವ ಪೈಪನ್ನು ಉದ್ದಕ್ಕೆ ಸೀಳಿ ಟೀವಿ, ಫ್ರಿಜ್ಜು, ರೂಟರ್ ಎಲ್ಲದರ ವೈರಿಗೂ ತೊಡಿಸಿದರು. ಬಂದವರು "ಹಾಲಲ್ಲೇ ಬೋರ್ ಹಾಕಿಸಿದ್ರಾ?" ಅಂತಾರೆ.

ಅವರ ಮೊಬೈಲ್ ಮಾತ್ರ ನೆಲದ ಹತ್ತಿರದ ಪ್ಲಗ್ಗಿನಲ್ಲೇ ಚಾರ್ಜ್ ಆಗಬೇಕು. ಮೇಲಿನದು "ಸ್ಲೋ" ಅಂತೆ.

"ರೀ, ಮೇಲೆ ಹಾಕಿ."

"ಐದೇ ನಿಮಿಷ ಕಣೇ."

ಸ್ನಾನಕ್ಕೆ ಹೊರಟರೆ ಐದೇ ನಿಮಿಷ. ಪೇಪರ್ ಹಿಡಿದು ಕೂತರೆ ಐದೇ ನಿಮಿಷ. ಭಾನುವಾರ ಮಧ್ಯಾಹ್ನ ಗೊರಕೆ ಶುರುವಾದ ಮೇಲೂ ಐದೇ ನಿಮಿಷ. ಬೆಲ್ಲನಿಗೆ ಬೇಕಾದ್ದು ಐದು ಸೆಕೆಂಡು. ಈಗೀಗ ಆ ಮಾತೇ ಅವನಿಗೆ ಊಟದ ಗಂಟೆ. "ಐದೇ" ಅನ್ನುವಷ್ಟರಲ್ಲಿ ಎರಡೂ ಕಿವಿ ನೆಟ್ಟಗೆ. ಇವತ್ತು ತುಂಡು ವೈರನ್ನು ಬೆಳಕಿಗೆ ಹಿಡಿದು ಯಜಮಾನರು ತೀರ್ಪು ಕೊಟ್ಟರು: "ಮೊಲ ಅಲ್ಲ, ವೈರೇ ಲೋಕಲ್." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಮ್ಮನೆಯಲ್ಲಿ ಎರಡಿವೆ, ಒಟ್ಟು ಆರು.

ಚೂರೇನಾದರೂ ಹೊಟ್ಟೆಗೆ ಹೋಗಿದೆಯಾ ಅಂತ ನಾನು ಮಂಡಿಯೂರಿ ತುಂಡುಗಳನ್ನು ಜೋಡಿಸಿದೆ. ಒಂದು ಚೂರು ಕಮ್ಮಿ. ಹುಡುಕುತ್ತಾ ಟೀವಿ ಸ್ಟ್ಯಾಂಡಿನ ಹಿಂದೆ ಕೈ ಹಾಕಿದರೆ ಸಿಕ್ಕಿದ್ದು ಲ್ಯಾಂಡ್‌ಲೈನ್ ವೈರು. ಅದೂ ತುಂಡು, ಎರಡೂ ತುದಿಗೆ ಧೂಳು ಮೆತ್ತಿಕೊಂಡಿತ್ತು. ಎಂದು ಕತ್ತರಿಸಿದನೋ, ಯಾರಿಗೂ ಗೊತ್ತೇ ಆಗಿಲ್ಲ. ಅಪ್ಪ ಇದ್ದಿದ್ದರೆ ಆ ಭಾನುವಾರವೇ ಗೊತ್ತಾಗಿಬಿಡುತ್ತಿತ್ತು. ಒಂಬತ್ತು ಗಂಟೆಗೆ ಅವರು ಫೋನ್ ಮಾಡುತ್ತಿದ್ದುದು ಲ್ಯಾಂಡ್‌ಲೈನಿಗೇ. ಮೊಬೈಲಲ್ಲಿ ಮಾತಾಡಿದರೆ ಮಾತಾಡಿದ ಹಾಗೇ ಇರಲ್ಲ ಅನ್ನೋರು.

ಕಾಣೆಯಾದ ಚೂರು ಕೊನೆಗೆ ಕಾಲೊರೆಸಿನ ಕೆಳಗೆ ಸಿಕ್ಕಿತು. ಬೆಲ್ಲನಿಗೆ ಕೊತ್ತಂಬರಿ ಕೊಟ್ಟೆ, ತಿಂದ. ಆದರೂ ರಾತ್ರಿತನಕ ಹಿಕ್ಕೆ ಸರಿಯಾಗಿ ಬೀಳುತ್ತಿದೆಯಾ ಅಂತ ಎಣಿಸುತ್ತಾ ಕೂರಬೇಕು. ಆ ಕೆಲಸ ಯಜಮಾನರಿಗೇ ವಹಿಸಿದ್ದೇನೆ. ಐದೇ ನಿಮಿಷದ್ದು ಅಂತ ಹೇಳಿ.