ನೋಚೆ ಬುಯೆನಾ ಲೆಕ್ಕಾಚಾರ

ನಮ್ಮ ಬೀದಿಯ ಜರ್ಮನ್ ಅಳಿಯ ಡಿಸೆಂಬರ್ 24ರ ಸಂಜೆ ಆರಕ್ಕೆ ಆಲೂಗಡ್ಡೆ ಸಲಾಡ್, ಸಾಸೇಜ್ ತಿಂದು, ಹೆಂಡತಿ ಮಕ್ಕಳಿಗೆ ಉಡುಗೊರೆ ಕೊಟ್ಟು, ಹತ್ತಕ್ಕೆಲ್ಲ ಮಲಗಿಬಿಡುತ್ತಾರೆ. ಅವರ ಊರಿನ ಪದ್ಧತಿಯೇ ಹಾಗೆ, 24ರ ಸಂಜೆಯೇ ಮುಖ್ಯ. ಫಿಲಿಪೀನ್ಸಿನವರಾದ ಅವರ ಹೆಂಡತಿಯ ಮನೆಯವರಿಗೋ ಕ್ರಿಸ್ಮಸ್ ಶುರುವಾಗುವುದೇ ನಡುರಾತ್ರಿ, ನೋಚೆ ಬುಯೆನಾ ಅನ್ನುವ ಊಟದಿಂದ. ಹನ್ನೆರಡು ಹೊಡೆಯುತ್ತಲೇ ಇಪ್ಪತ್ತು ಜನ ಬಂದು, ಮಿಕ್ಕ ಆಲೂಗಡ್ಡೆ ಸಲಾಡನ್ನು ಬಿಸಿ ಅನ್ನಕ್ಕೆ ಹಾಕಿಕೊಂಡು ತಿಂದು, 'ವಿಡಿಯೋಕೆ', ಅಂದರೆ ಹಾಡಿದವರಿಗೆ ಅಂಕ ಕೊಡುವ ಕರೋಕೆ ಯಂತ್ರದ ಮೈಕ್ ಹಿಡಿಯುತ್ತಾರೆ. ಪಾಪ, ಆ ಮನುಷ್ಯ ಪೈಜಾಮದಲ್ಲೇ ಎದ್ದು ಬಂದು ಮೂಲೆಯಲ್ಲಿ ಕೂತಿರುತ್ತಾರೆ. ಒಂದು ವರ್ಷ ಅವರ ಕೈಗೂ ಮೈಕ್ ಬಂತು. ಹಾಡಿದರು ಕೂಡ. ಯಂತ್ರ ನೂರಕ್ಕೆ 96 ಅಂಕ ಕೊಟ್ಟಿತು. ಅದರಲ್ಲಿ ವಿಶೇಷವೇನಿಲ್ಲ, ಅದು ನಾಯಿ ಬೊಗಳಿದರೂ 90 ಕೊಡುತ್ತದೆ.

ನಾನು ಕೊಪ್ಪದ ಕಡೆಯವನು. ಮೆಟ್ರೋ ಮನಿಲಾದ ಮಕಾತಿಯಲ್ಲಿ ಕೆಲಸ ಸಿಕ್ಕಿ ಬಂದೆ, ಇಲ್ಲೇ ಮದುವೆಯಾದೆ. ಹೆಂಡತಿಯ ತವರು ಬಟಾಂಗಾಸ್ ಪ್ರಾಂತ್ಯದ ಲಿಪಾ ಊರಿನ ಹೊರಗೆ ಒಂದು ಬಾರಾಂಗಾಯ್, ಅಂದರೆ ನಮ್ಮ ಗ್ರಾಮದ ಹಾಗೆ. ಅದೊಂದೇ ಬೀದಿಯಲ್ಲಿ ಪರದೇಶದ ಅಳಿಯಂದಿರು ಮೂವರು: ಜರ್ಮನಿಯವರು, ನಿವೃತ್ತಿಯಾಗಿ ಬಂದ ಆಸ್ಟ್ರೇಲಿಯಾದ ಟ್ರಕ್ ಡ್ರೈವರ್, ಮತ್ತೆ ನಾನು. ಅವರಿಬ್ಬರಿಗೆ ಊರವರು 'ಸರ್' ಅಂತಾರೆ. ನನಗೆ 'ಬುಂಬಾಯ್'. ಇಲ್ಲಿ ಭಾರತೀಯರೆಲ್ಲ ಬುಂಬಾಯ್‌ಗಳೇ. ಬೈಕಿನಲ್ಲಿ ಮನೆಮನೆ ಸುತ್ತಿ 'ಐದು-ಆರು' ಸಾಲ ಕೊಡುವ ಪಂಜಾಬಿಗಳಿಂದ ಗಟ್ಟಿಯಾದ ಹೆಸರು ಅದು. ಐದು ಕೊಡು, ಆರು ವಾಪಸ್ ತಗೋ. ದಪ್ಪ ಈರುಳ್ಳಿಗೂ ಇಲ್ಲಿ 'ಸಿಬುಯಾಸ್ ಬೊಂಬಾಯ್' ಅಂತಲೇ ಹೆಸರು. 2022ರ ಡಿಸೆಂಬರ್ ಕೊನೆಯಲ್ಲಿ ಈರುಳ್ಳಿ ಕೆಜಿಗೆ 600 ಪೆಸೊ ದಾಟಿ ಮಾಂಸಕ್ಕಿಂತ ತುಟ್ಟಿಯಾದಾಗ, ನಮ್ಮ ಬಾಮೈದ ನನ್ನನ್ನು ಎಲ್ಲರಿಗೂ 'ನಮ್ಮ ಮನೆಯ ಅತಿ ದುಬಾರಿ ಬೊಂಬಾಯ್' ಅಂತ ಪರಿಚಯ ಮಾಡಿಸುತ್ತಿದ್ದ.

ಪ್ರತಿ ವರ್ಷ 26ಕ್ಕೆ ಆಸ್ಟ್ರೇಲಿಯಾದವರ ಜಗಲಿಯಲ್ಲಿ ನಾವು ಮೂವರೂ ಸೇರುತ್ತೇವೆ. ಎರಡು ಬಿಯರ್ ಆಗುವ ಹೊತ್ತಿಗೆ ಮಾತು ದುಡ್ಡಿಗೆ ತಿರುಗುತ್ತದೆ. ಎಷ್ಟು ಖರ್ಚಾಯಿತು, ಎಷ್ಟು ಮಕ್ಕಳು ಸಾಲು ನಿಂತಿದ್ದರು, ಯಾವ ದೂರದ ನೆಂಟ ಎಲ್ಲಿಂದ ಉದ್ಭವಿಸಿದ. ಪರದೇಶದ ಗಂಡಂದಿರು ಎಲ್ಲಿ ಸೇರಿದರೂ ಇದೇ ರಾಗ: "ಇವರಿಗೆ ಕ್ರಿಸ್ಮಸ್ ಅಂದರೆ ನಮ್ಮ ಪರ್ಸು." ಮೊದಲ ಎರಡು ವರ್ಷ ನಾನೂ ಅದೇ ರಾಗ ಎಳೆದವನೇ. ಈಗ ಎಳೆಯುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಪುರುಸೊತ್ತಿದ್ದವರು ಓದಿ.

ದುಡ್ಡಿನ ವಿಷಯಕ್ಕೆ ಮೊದಲು ಹಬ್ಬದ ವಿಷಯ ಹೇಳಲೇಬೇಕು.

ಇಲ್ಲಿ ಹೆಸರಿನ ಕೊನೆಗೆ 'ಬರ್' ಇರುವ ತಿಂಗಳು ಬಂತೆಂದರೆ, ಅಂದರೆ ಸೆಪ್ಟೆಂಬರ್ 1ಕ್ಕೇ, ಮಾಲ್‌ಗಳಲ್ಲಿ ಕ್ರಿಸ್ಮಸ್ ಹಾಡು ಶುರು. ಅದೇ ನಾಲ್ಕು ಹಾಡು ನಾಲ್ಕು ತಿಂಗಳು. ಆದರೆ ಊರಿನ ಹಬ್ಬ ನಿಜವಾಗಿ ಶುರುವಾಗುವುದು ಡಿಸೆಂಬರ್ 16ರ ನಸುಕಿನಲ್ಲಿ, ಸಿಂಬಾಂಗ್ ಗಬಿಯಿಂದ. 24ರವರೆಗೆ ಒಂಬತ್ತು ದಿನ, ಬೆಳಗಿನ ಜಾವ ನಾಲ್ಕಕ್ಕೆ ಚರ್ಚಿನಲ್ಲಿ ಪೂಜೆ. ಸ್ಪೇನಿನವರ ಕಾಲದಲ್ಲಿ ರೈತರು ಬಿಸಿಲೇರುವ ಮೊದಲು ಗದ್ದೆಗೆ ಹೋಗಬೇಕಿತ್ತಲ್ಲ, ಅದಕ್ಕೇ ಆ ಹೊತ್ತು. ಒಂಬತ್ತೂ ದಿನ ತಪ್ಪದೆ ಹೋದರೆ ಅಂದುಕೊಂಡದ್ದು ಕೈಗೂಡುತ್ತದೆ ಅನ್ನುವ ನಂಬಿಕೆಯಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುವ ಹಾಗೆ, ಮೊದಲ ವರ್ಷ ಅತ್ತೆಯ ಮುಖ ನೋಡಿ ನಾನೂ ಎದ್ದು ಹೋದೆ. ಸ್ವೆಟರ್ ಹಾಕಿಕೊಂಡ ಮುದುಕಿಯರು, ತಲೆ ಬಾಚಿಕೊಂಡು ಹುಡುಗಿಯರನ್ನು ನೋಡಲಿಕ್ಕೇ ಬಂದ ಹುಡುಗರು, ಒಳಗೆ ಜಾಗ ಸಾಲದೆ ಅಂಗಳದಲ್ಲೇ ನಿಂತ ಜನ. ಪೂಜೆ ಮುಗಿಯುತ್ತಲೇ ಹೊರಗೆ ಬಿಬಿಂಗ್ಕಾ. ಅಕ್ಕಿಹಿಟ್ಟು, ತೆಂಗಿನ ಹಾಲು ಕಲೆಸಿ, ಬಾಳೆ ಎಲೆ ಹಾಸಿದ ಮಣ್ಣಿನ ಪಾತ್ರೆಗೆ ಹೊಯ್ದು, ಕೆಳಗೂ ಕೆಂಡ, ಮೇಲೂ ಕೆಂಡ. ಪಕ್ಕದ ಗೂಡಂಗಡಿಯಲ್ಲಿ ಪುತೋ ಬುಂಬೋಂಗ್, ಬಿದಿರ ಕೊಳವೆಯಲ್ಲಿ ಹಬೆಗೆ ಬೆಂದ ನೇರಳೆ ಬಣ್ಣದ ಅಕ್ಕಿಯದು, ಮೇಲೆ ಬೆಲ್ಲದಂಥ ಸಕ್ಕರೆ, ಕಾಯಿತುರಿ.

ಬಾಳೆ ಎಲೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಲೇ ನಾನು ಅಮ್ಮನಿಗೆ ಫೋನ್ ಮಾಡಿದ್ದೆ. ಅಲ್ಲಿ ಆಗಿನ್ನೂ ರಾತ್ರಿ ಎರಡೂವರೆ ಅನ್ನುವುದೇ ಮರೆತುಹೋಗಿತ್ತು. ಗಾಬರಿಯಿಂದ ಫೋನೆತ್ತಿದ ಅಮ್ಮ, ಎಲ್ಲ ಕೇಳಿ ಅಂದಳು: "16ನೇ ತಾರೀಖು, ಬೆಳಗಿನ ಜಾವ, ಪೂಜೆ, ಆಮೇಲೆ ಅಕ್ಕಿದು ತಿಂಡಿ. ಧನುರ್ಮಾಸ ಅಲ್ವೇನೋ ಅದು?" ನಿಜ. ನಮ್ಮೂರಲ್ಲಿ ದೇವಸ್ಥಾನದ ಗಂಟೆ ಕೇಳಿ ಚಳಿಯಲ್ಲಿ ನಡುಗುತ್ತ ಹುಗ್ಗಿಯ ಪ್ರಸಾದಕ್ಕೆ ಎಲೆ ಹಿಡಿದು ನಿಲ್ಲುತ್ತಿದ್ದ ದಿನಗಳೇ ಅವು. ತಿಂಡಿ ಮುಗಿಸಿ ಮನೆಗೆ ಬಂದರೆ ಕಾಪೆಂಗ್ ಬರಾಕೊ, ಬಟಾಂಗಾಸಿನ ಕಪ್ಪು ಕಾಫಿ. ಲಿಪಾ ಒಂದು ಕಾಲದಲ್ಲಿ ಕಾಫಿಯಿಂದಲೇ ಸಿರಿವಂತವಾಗಿದ್ದ ಊರು. 1889ರ ಸುಮಾರಿಗೆ ಎಲೆತುಕ್ಕು ರೋಗ ಬಿದ್ದು ತೋಟಗಳೆಲ್ಲ ನೆಲಕಚ್ಚಿದವು. ಕಾಫಿಸೀಮೆಯವನಿಗೆ ಇಂಥ ಕಥೆ ಬಿಡಿಸಿ ಹೇಳಬೇಕಿಲ್ಲ.

ಊಟದ ವಿಷಯದಲ್ಲಿ ನನ್ನ ಪಾಡು ಬೇರೆ. ಹುಟ್ಟಿದ್ದು ಸಸ್ಯಾಹಾರಿ ಮನೆಯಲ್ಲಿ, ಈಗಲೂ ಹಾಗೇ. 24ರ ನಡುರಾತ್ರಿಯ ನೋಚೆ ಬುಯೆನಾ ಮೇಜಿನ ಮೇಲೆ ಹ್ಯಾಮ್, ಕೆಂಡದ ಮೇಲೆ ತಿರುಗಿಸಿ ಸುಟ್ಟ ಇಡೀ ಹಂದಿ, ಆಯುಷ್ಯಕ್ಕೆಂದು ಉದ್ದುದ್ದ ಪಾನ್ಸಿತ್ ಶಾವಿಗೆ, ಬಾಳೆಹಣ್ಣಿನ ಕೆಚಪ್ ಹಾಕಿದ ಸಿಹಿ ಸ್ಪಗೆಟ್ಟಿ, ಅದರಲ್ಲೂ ಹಾಟ್‌ಡಾಗ್ ತುಂಡು. ಮಾಂಸ ಬೇಡ ಅಂದರೆ "ಇದು ಮಾಂಸ ಅಲ್ಲ, ಕೋಳಿ" ಅನ್ನುವ ಜನ. ಒಂದು ಸಲ ನಾನೇ ಹುಮ್ಮಸ್ಸಿನಲ್ಲಿ ಪುಳಿಯೋಗರೆ ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು, ಹೆಂಡತಿಯ ಕಿವಿಯಲ್ಲಿ ಮೆಲ್ಲಗೆ ಕೇಳಿದರು: "ಅನ್ನ ಹಳಸಿದೆಯಾ?" ಹುಣಿಸೆ ಇವರಿಗೆ ಸಾರಿನಲ್ಲಾದರೆ ಸರಿ, ಅನ್ನದಲ್ಲಲ್ಲ. ಹುಳಿ ಅನ್ನ ಅಂದರೆ ಹಾಳಾದ ಅನ್ನ. ಮರುವರ್ಷ ಚಿತ್ರಾನ್ನ ಮಾಡಿದೆ, ನಿಂಬೆಯ ಬದಲು ಕಲಮಾನ್ಸಿ ಹಿಂಡಿ. ಹಳದಿ ಅನ್ನ ಇವರಿಗೆ 'ಜಾವಾ ರೈಸ್' ಹೆಸರಲ್ಲಿ ಗೊತ್ತಿತ್ತು, ಹಾಗಾಗಿ ಪಾಸಾದೆ. ಅಂದಿನಿಂದ 'ಬುಂಬಾಯ್ ಜಾವಾ ರೈಸ್' ನಮ್ಮ ನೋಚೆ ಬುಯೆನಾಕ್ಕೆ ಕಾಯಂ.

ಈಗ ದುಡ್ಡು.

ಸರ್ಕಾರದ ಕಾನೂನೇ ಇದೆ: 1975ರ ಅಧ್ಯಕ್ಷೀಯ ಆದೇಶ 851. ಖಾಸಗಿ ಕಂಪನಿ ನೌಕರರಿಗೆ ವರ್ಷಕ್ಕೆ ಹದಿಮೂರನೇ ತಿಂಗಳ ಸಂಬಳ, ಡಿಸೆಂಬರ್ 24ರ ಒಳಗೆ. ಅದು ಕೈಗೆ ಬಂದಷ್ಟೇ ಬೇಗ ಕೈಬಿಟ್ಟು ಹೋಗುತ್ತದೆ. ಬ್ಯಾಂಕಿನಲ್ಲಿ ಗರಿಗರಿ ಹೊಸ ನೋಟಿಗೆ ಸಾಲು. 25ರ ಬೆಳಿಗ್ಗೆ ಬೀದಿಯ ಮಕ್ಕಳೆಲ್ಲ ಹೊಸಬಟ್ಟೆ ತೊಟ್ಟು ಬಂದು, ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತವೆ. ಅದಕ್ಕೆ 'ಮಾನೊ' ಅಂತಾರೆ, ನಮ್ಮ ಕಾಲಿಗೆ ಬೀಳುವ ಹಾಗೆ. ಹಿರಿಯರು ಅಗಿನಾಲ್ದೊ ಕೊಡಬೇಕು, ಐವತ್ತೋ ನೂರೋ ಪೆಸೊ. ನಿನೋಂಗ್, ಅಂದರೆ ಧರ್ಮತಂದೆ ಆದವರು ಇನ್ನೂ ಕೈಬಿಚ್ಚಬೇಕು. ಡಿಸೆಂಬರ್ ಬಂತೆಂದರೆ ನಿನೋಂಗ್‌ಗಳು ತಲೆಮರೆಸಿಕೊಳ್ಳುತ್ತಾರೆ ಅನ್ನುವುದು ಇಲ್ಲಿನ ಹಳೇ ಜೋಕು. ನಾನು ಹನ್ನೊಂದು ಮಕ್ಕಳಿಗೆ ನಿನೋಂಗ್. ಚರ್ಚಿನ ಪುಸ್ತಕದಲ್ಲಿ ನನ್ನ ಹೆಸರಿಲ್ಲ, ಹಿಂದೂ ನೋಡಿ. ಆದರೆ ಆ ಹನ್ನೊಂದು ಮಕ್ಕಳು ಚರ್ಚಿನ ಪುಸ್ತಕ ನೋಡಿಕೊಂಡು ಬರುವುದಿಲ್ಲ.

ಮದುವೆಯಾದ ಎರಡನೇ ವರ್ಷ ಫೋನಿನಲ್ಲಿ ಲೆಕ್ಕ ಬರೆದಿಟ್ಟಿದ್ದೆ. ಒಟ್ಟು 38,000 ಪೆಸೊ ಚಿಲ್ಲರೆ. 26ರ ರಾತ್ರಿ ಗಂಟುಮುಖ ಮಾಡಿಕೊಂಡು ಹೆಂಡತಿಯ ಮುಂದೆ ಹಿಡಿದೆ. ಅವಳು ಜಗಳ ಮಾಡಲಿಲ್ಲ. ಒಳಗೆ ಹೋಗಿ ಮಾವನ ನೋಟ್‌ಬುಕ್ ತಂದಳು. ಮಾವ ಜೀಪ್ನಿ, ಅಂದರೆ ಇಲ್ಲಿನ ಜೀಪಿನಂಥ ಸಣ್ಣ ಬಸ್ಸು ಓಡಿಸಿ ನಿವೃತ್ತರಾದವರು, ಎಲ್ಲದಕ್ಕೂ ಲೆಕ್ಕ ಬರೆಯುವ ಮನುಷ್ಯ. ಆ ವರ್ಷದ ನೋಚೆ ಬುಯೆನಾಕ್ಕೆ ಯಾರು ಏನು ತಂದರು ಅಂತ ಪುಟದ ತುಂಬ ಇತ್ತು. ಹಂದಿ: ಮೂವರು ಗಂಡುಮಕ್ಕಳು ಸೇರಿ. ಅಕ್ಕಿ: ಅತ್ತೆಯ ತಂಗಿ. ತೆಂಗಿನಕಾಯಿ, ಇದ್ದಿಲು: ಪಕ್ಕದ ಮನೆ. ಹ್ಯಾಮ್, ಕೆಂಪು ಮೇಣದ ಚೀಸ್ ಉಂಡೆ, ಸ್ಪಗೆಟ್ಟಿ, ಮಕ್ಕಳ ಬಟ್ಟೆ: ಆತೆ (ಹೆಂಡತಿಯ ಅಕ್ಕ). ಪುಟದ ಕೊನೆಗೆ ನಾನು. 'ಅಳಿಯ: ಐಸ್.'

ನನ್ನ 38,000 ಎಲ್ಲಿ ಹೋಯಿತು? ಯಾರೂ ಕೇಳದ ಉಡುಗೊರೆಗಳಿಗೆ. ಮನಿಲಾದ ಮಾಲ್‌ನಲ್ಲಿ ಕೊಂಡ ಕಾಫಿ ಮೇಕರ್ (ಬರಾಕೊ ಕುದಿಸುವ ಮನೆಗೆ!), ಮಾವನಿಗೆ ಚರ್ಮದ ಬೆಲ್ಟು, ಇನ್ನೂ ಏನೇನೋ. ಆ ಮನೆಯವರು ನನ್ನಿಂದ ನೆಚ್ಚಿಕೊಂಡಿದ್ದದ್ದು ಎರಡು ಮೂಟೆ ಐಸ್ ಮಾತ್ರ. ಅದನ್ನೂ ನಾನು ತಡವಾಗಿ ತಂದಿದ್ದೆ.

ಆತೆ ಅಂದರೆ ಇಲ್ಲಿನ ಭಾಷೆಯಲ್ಲಿ ಅಕ್ಕ. ಫೋನಿನಲ್ಲಿ "ಆತೆ ಕಳಿಸಿದ್ರು" ಅಂದಾಗಲೆಲ್ಲ ನನ್ನಮ್ಮ "ಯಾವ ಅತ್ತೆ?" ಅಂತ ಕೇಳುತ್ತಾಳೆ. ಅವರು ಸೌದಿಯ ಜೆಡ್ಡಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಹಬ್ಬಕ್ಕೆ ತಿಂಗಳುಗಳ ಮೊದಲೇ ಅವರ ಬಾಲಿಕ್‌ಬಾಯನ್ ಬಾಕ್ಸ್, ಅಂದರೆ ಪರದೇಶದಿಂದ ಮನೆಗೆ ಕಳಿಸುವ ಸಾಮಾನಿನ ಪೆಟ್ಟಿಗೆ, ಹಡಗು ಹತ್ತುತ್ತದೆ. ಡಿಸೆಂಬರ್ ಮೊದಲ ವಾರ ಅದನ್ನು ನಡುಮನೆಯಲ್ಲಿ ಬಿಚ್ಚುವುದೇ ಒಂದು ಸಂಭ್ರಮ. ಸೋಪು, ಚಾಕೊಲೇಟು ಎರಡೂ ಬೆರೆತ ಒಂದು ವಾಸನೆ ಮನೆ ತುಂಬುತ್ತದೆ. ಡಬ್ಬಿ ಮಾಂಸ, ಟವೆಲ್, ಶಾಂಪೂ, ಒಂದೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಒಂದೊಂದು ಹೆಸರು. ಚಾಕೊಲೇಟಿನಲ್ಲಿ ಸೋಪಿನ ರುಚಿ ಇರುತ್ತದೆ. ಯಾರೂ ದೂರಿದ್ದು ನಾನು ಕೇಳಿಲ್ಲ.

ಹೀಗೆ ಹೊರಗಿರುವ ಫಿಲಿಪಿನೋ ಕೆಲಸಗಾರರು 20 ಲಕ್ಷಕ್ಕೂ ಹೆಚ್ಚು. 2023ರಲ್ಲಿ ಹೊರದೇಶಗಳಿಂದ ಬ್ಯಾಂಕುಗಳ ಮೂಲಕ ಮನೆಗಳಿಗೆ ಬಂದ ಹಣ 3,300 ಕೋಟಿ ಡಾಲರಿಗೂ ಮೇಲೆ. ಸರ್ಕಾರ ಅವರನ್ನು 'ಬಾಗೋಂಗ್ ಬಯಾನಿ', ಹೊಸ ವೀರರು ಅಂತ ಕರೆಯುತ್ತದೆ. ಪದ ಚೆನ್ನಾಗಿದೆ. ವೀರರಾದವರಿಗೆ ಹಬ್ಬಕ್ಕೆ ರಜೆ ಸಿಗುವುದಿಲ್ಲ ಅಷ್ಟೆ.

ಆಸ್ಟ್ರೇಲಿಯಾದವರ ಜಗಲಿಯಲ್ಲಿ ನನ್ನನ್ನು ಚುಚ್ಚುವುದು ಇದೇ. ಊರು ಬಿಟ್ಟು ಬಂದ ನಮ್ಮ ಮೂವರಿಗೂ 'ಎಕ್ಸ್‌ಪ್ಯಾಟ್' ಅನ್ನುವ ಇಸ್ತ್ರಿ ಮಾಡಿದ ಹೆಸರಿದೆ. ಊರು ಬಿಟ್ಟು ಹೋದ ಆತೆಗೆ 'ಓಎಫ್‌ಡಬ್ಲ್ಯೂ' (ಓವರ್‌ಸೀಸ್ ಫಿಲಿಪಿನೋ ವರ್ಕರ್) ಅನ್ನುವ ಮೂರಕ್ಷರ. ನಾವು ಅವರ ಮನೆಯಲ್ಲಿ, ಅವರು ದುಡ್ಡು ಕೊಟ್ಟ ಹ್ಯಾಮಿನ ಮುಂದೆ, ಅವರು ಕೂರಬೇಕಾದ ಕುರ್ಚಿಯಲ್ಲಿ ಕೂತು, ಇವರಿಗೆ ನಮ್ಮ ಪರ್ಸೇ ಕ್ರಿಸ್ಮಸ್ ಅಂತ ಗೊಣಗುತ್ತೇವೆ. ಸಂಬಳದಲ್ಲಿ ಅರ್ಧ ಕಳಿಸುವವರಿಂದ ಅಂಥ ಮಾತನ್ನು ನಾನು ಕೇಳಿಲ್ಲ. ಬಹುಶಃ ಹೇಳಿಕೊಳ್ಳಲು ಅವರಿಗೆ ಜಗಲಿ ಇಲ್ಲ.

ಹಾಗಂತ ಒತ್ತಡವೇ ಇಲ್ಲ ಅಂತಲ್ಲ. ಹಬ್ಬಕ್ಕೆ ಐದು-ಆರು ಸಾಲ ಮಾಡಿ ಜೂನ್‌ವರೆಗೂ ತೀರಿಸುವವರು ಈ ಬೀದಿಯಲ್ಲೇ ಇದ್ದಾರೆ. ಪರದೇಶದ ಗಂಡನಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ನನ್ನ ಹೆಂಡತಿಯ ಬಳಿ ಕೈಚಾಚಿದವರೂ ಇದ್ದಾರೆ, ಇಲ್ಲ ಅನ್ನಲಾರದೆ ಅವಳು ಬಚ್ಚಲಲ್ಲಿ ಅತ್ತದ್ದೂ ಇದೆ. ಆ ಹೊರೆಯನ್ನು ಹೊರುವವಳು ಅವಳು. ಗೊಣಗುವವರು ನಾವು.

ಜರ್ಮನ್ ಅಳಿಯನಿಗೆ ಕಳೆದ ವರ್ಷ ಅವರ ಮಾವ ಒಂದು ಕೆಲಸ ಹಚ್ಚಿದರು, ಹಂದಿ ತಿರುಗಿಸುವ ಕೆಲಸ. ಐದು ಗಂಟೆ ಕೆಂಡದ ಮುಂದೆ ಸರದಿ. ಆ ರಾತ್ರಿ ಮನುಷ್ಯ ಮೂರಾದರೂ ಮಲಗಲಿಲ್ಲ, ಎಷ್ಟು ಇದ್ದಿಲಿಗೆ ಎಷ್ಟು ಸುತ್ತು ಅಂತ ಎಲ್ಲರಿಗೂ ವಿವರಿಸುತ್ತಲೇ ಇದ್ದರು.

ನಮ್ಮ ಮನೆಯಲ್ಲಿ ಹನ್ನೆರಡಕ್ಕೆ ಆತೆಗೆ ವಿಡಿಯೋ ಕಾಲ್. ಜೆಡ್ಡಾದಲ್ಲಿ ಆಗ ಸಂಜೆ ಏಳು. ಚೀಸ್ ಉಂಡೆಗೆ ಫೋನ್ ಒರಗಿಸಿ ಇಡುತ್ತೇವೆ. ಆತೆ ಯೂನಿಫಾರ್ಮಿನಲ್ಲೇ ಇದ್ದರು, ರಾತ್ರಿ ಡ್ಯೂಟಿ. ಹ್ಯಾಮ್ ತೋರಿಸಿ ಅಂದರು, ತೋರಿಸಿದೆವು. ಈ ಸಲ ದೊಡ್ಡದು ತಂದಿದ್ದೀರಿ, ಒಳ್ಳೇದು ಅಂದರು. ಬುಂಬಾಯ್, ಐಸ್ ಬಂತಾ ಅಂದರು. ಬಂತು ಆತೆ ಅಂದೆ. ಅವರ ಮಗನಿಗೆ ಒಂಬತ್ತು ವರ್ಷ, ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾನೆ. "ಹೋಗು, ಅಮ್ಮನಿಗೆ ಮಾನೊ ಮಾಡು" ಅಂತ ಅಜ್ಜಿ ಅವನನ್ನು ಮುಂದೆ ತಳ್ಳಿದರು. ಹುಡುಗ ಒಂದು ಕ್ಷಣ ಯೋಚಿಸಿದ. ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಲೆ ಬಗ್ಗಿಸಿ ಹಣೆಗೆ ಒತ್ತಿಕೊಂಡ.

ಹಣೆ ಕೆಂಪು ಬಟನ್ನಿಗೆ ತಾಗಿ ಕಾಲ್ ಕಟ್ ಆಯಿತು. ಮತ್ತೆ ಮಾಡಿದರೆ ಲೈನ್ ಸಿಗಲಿಲ್ಲ, ಆ ಹೊತ್ತಿಗೆ ಇಡೀ ಊರೇ ಫೋನ್ ಹಿಡಿದು ಕೂತಿರುತ್ತದೆ. ಮಾವ ಪಾನ್ಸಿತ್ ಆರಿಹೋಗುತ್ತದೆ, ತಿನ್ನಿ ಅಂದರು. ಹುಡುಗ ಫೋನ್ ಕೆಳಗಿಡಲಿಲ್ಲ, ಹೆಬ್ಬೆರಳಲ್ಲಿ ಒತ್ತುತ್ತಲೇ ಇದ್ದ.