ಪೌಲನು ‘ಸುಮ್ಮನಿರಲಿ’ ಎಂದದ್ದು ಮೂರು ಸಲ

ನಾವು ಕ್ರೈಸ್ತರು ಪ್ರಾರ್ಥನೆಗೆ ಸೇರುವ ಬುಧವಾರದ ಮನೆ ಕೂಟದಲ್ಲಿ ವೇದಿಕೆ ಇಲ್ಲ, ಮೈಕ್ ಇಲ್ಲ. ಚಾಪೆ ಹಾಸಿ ಹದಿನೈದಿಪ್ಪತ್ತು ಜನ ಸುತ್ತ ಕೂರುತ್ತೇವೆ. ಯಾರು ಬೇಕಾದರೂ ಹಾಡು ಎತ್ತಬಹುದು, ಸಾಕ್ಷಿ, ಅಂದರೆ ದೇವರು ತನಗೆ ಮಾಡಿದ್ದನ್ನು, ಹೇಳಬಹುದು, ಬೈಬಲಿನ ವಾಕ್ಯ ಓದಿ ಎರಡು ಮಾತಾಡಬಹುದು. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಹೋದ ತಿಂಗಳು ಒಬ್ಬ ಬ್ರದರ್ ಸಾಕ್ಷಿಗೆ ಎದ್ದರು. ಗಾಡಿ ಸಾಲ ತೀರಿದ ಕಥೆಯಿಂದ ಶುರು ಮಾಡಿ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಏಳು ತುತೂರಿಗಳವರೆಗೆ ಹೋದರು. ನಲವತ್ತು ನಿಮಿಷ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಹಾಡಿನ ಪುಸ್ತಕದೊಳಗೆ ಬೆರಳಿಟ್ಟುಕೊಂಡು ಕೂತಿದ್ದರು. ಅವರಿಗೆ ಒಂದು ಹಾಡು ಹೇಳಬೇಕಿತ್ತು. ಬಸ್ಸಿನ ಹೊತ್ತಾಯಿತು. ಬೆರಳು ತೆಗೆದು, ಪುಸ್ತಕ ಚೀಲಕ್ಕೆ ಹಾಕಿ ಎದ್ದು ಹೋದರು.

ಹೊರಗೆ ಚಪ್ಪಲಿ ಹುಡುಕುವಾಗ ಯಾರೋ ಅಂದರು: “ಇದಕ್ಕೇ ಒಬ್ಬ ಪಾಸ್ಟರ್ ಬೇಕು ಅನ್ನೋದು.” ತುಂಬಾ ಜನ ತಲೆ ಆಡಿಸಿದರು. ನಾನು ಆಡಿಸಲಿಲ್ಲ.

ಈ ಗೋಳು ನಮ್ಮದೇ ಏನಲ್ಲ. ಸುಮಾರು ಕ್ರಿ.ಶ. 55ರಲ್ಲಿ ಯೇಸುವಿನ ಅಪೊಸ್ತಲನಾದ ಪೌಲನು ಎಫೆಸದಿಂದ ಕೊರಿಂಥದ ಸಭೆಯವರಿಗೆ ಬರೆದ, ಈಗ ಬೈಬಲಿನಲ್ಲಿರುವ ಕಾಗದದಲ್ಲಿ ಇದೂ ಒಂದು ವಿಷಯ. ಕೊರಿಂಥ ಗ್ರೀಸಿನಲ್ಲಿ ಎರಡು ಬಂದರುಗಳ ನಡುವಿನ ವ್ಯಾಪಾರದ ಊರು. ಸಭೆ ಸೇರುತ್ತಿದ್ದದ್ದು ಮನೆಗಳಲ್ಲೇ. ಒಬ್ಬರ ಹತ್ತಿರ ಕೀರ್ತನೆ, ಒಬ್ಬರ ಹತ್ತಿರ ಉಪದೇಶ, ಇನ್ನೊಬ್ಬರ ಹತ್ತಿರ ಅನ್ಯಭಾಷೆ, ಅಂದರೆ ಆತ್ಮನಿಂದ ಬರುವ, ಕೇಳುವವರಿಗೆ ಅರ್ಥವಾಗದ ಮಾತು. ಎಲ್ಲರೂ ಅನ್ಯಭಾಷೆಯಲ್ಲೇ ಮಾತಾಡಿದರೆ ಹೊರಗಿನವರು ಬಂದು ನೋಡಿ ‘ಇವರಿಗೆ ಹುಚ್ಚು’ ಅನ್ನುವುದಿಲ್ಲವೇ ಎಂದು ಪೌಲನೇ ಕೇಳುತ್ತಾನೆ.

ಆದರೂ ಇದೆಲ್ಲ ಬರುವ ಆ ಕಾಗದದ ಹದಿನಾಲ್ಕನೇ ಅಧ್ಯಾಯದಲ್ಲಿ ಅವನು ‘ಒಬ್ಬನ ಕೈಗೆ ಕೂಟ ಕೊಡಿ’ ಅನ್ನುವುದಿಲ್ಲ. ಹುಡುಕಿ ನೋಡಿ, ಸಭಾಪಾಲಕನ ಹೆಸರೇ ಇಲ್ಲ, ಹಿರಿಯರ ಹೆಸರೂ ಇಲ್ಲ. ಅವನು ಹೇಳುವುದು ಲೆಕ್ಕ. ಅನ್ಯಭಾಷೆಯವರು ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳುವವರಿಲ್ಲದಿದ್ದರೆ ಸುಮ್ಮನಿರಲಿ. ಪ್ರವಾದಿಸುವವರು, ಅಂದರೆ ದೇವರಿಂದ ಬಂದ ಮಾತು ಹೇಳುವವರು, ಇಬ್ಬರು ಮೂವರು, ಉಳಿದವರು ಅದನ್ನು ತೂಗಿ ನೋಡಲಿ. ಕೂತವರಲ್ಲಿ ಒಬ್ಬರಿಗೆ ಏನಾದರೂ ಹೊಳೆದರೆ, ಮೊದಲು ಮಾತಾಡುತ್ತಿದ್ದವನು ಸುಮ್ಮನಾಗಲಿ.

ಈ ಕೊನೆಯದನ್ನು ಇನ್ನೊಮ್ಮೆ ಓದಿ. ನಿಂತವನಿಗಿಂತ ಕೂತವರಿಗೆ ದಾರಿ ಬಿಡುವ ನಿಯಮ ಅದು. ‘ಆತ್ಮನು ನಡೆಸುವಾಗ ನಿಲ್ಲಿಸೋಕೆ ಆಗಲ್ಲ ಬ್ರದರ್’ ಅನ್ನುವವರಿಗೂ ಅಲ್ಲೇ ಉತ್ತರವಿದೆ. ಪ್ರವಾದಿಯ ಆತ್ಮ ಪ್ರವಾದಿಯ ಹಿಡಿತದಲ್ಲೇ ಇರುತ್ತದಂತೆ. ಅಂದರೆ ನಿಲ್ಲಿಸೋಕೆ ಆಗುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು, ಬೈಯುವವರು ಬೈಯಲಿ. ಈ ಅಧ್ಯಾಯದಲ್ಲಿ ‘ಸುಮ್ಮನಿರಲಿ’ ಎಂಬ ಅಪ್ಪಣೆ ಮೂರು ಸಲ ಬರುತ್ತದೆ. ಗ್ರೀಕಿನಲ್ಲಿ ಮೂರೂ ಕಡೆ ಒಂದೇ ಕ್ರಿಯಾಪದ. ಒಂದು, ಅರ್ಥ ಹೇಳುವವರಿಲ್ಲದ ಅನ್ಯಭಾಷೆಯವನಿಗೆ. ಎರಡು, ಮಾತು ಮುಗಿಸದ ಪ್ರವಾದಿಗೆ. ಮೂರು, ಹೆಂಗಸರಿಗೆ. ನಾನು ನೋಡಿದ ಕೂಟಗಳಲ್ಲಿ ಮೂರನೆಯದು ಎಲ್ಲರಿಗೂ ಬಾಯಿಪಾಠ. ಮೊದಲೆರಡು ಯಾರಿಗೂ ನೆನಪಿಲ್ಲ! ಅದೇ ಕಾಗದದ ಹನ್ನೊಂದನೇ ಅಧ್ಯಾಯದಲ್ಲಿ ಹೆಂಗಸರು ಪ್ರಾರ್ಥನೆ ಮಾಡುವುದು, ಪ್ರವಾದಿಸುವುದು ಮಾಮೂಲಿ ಸಂಗತಿಯಂತೆ ಬರುತ್ತದೆ. ಮುಸುಕಿನ ಬಗ್ಗೆ ಅಷ್ಟೇ ಮಾತು. ಕೆಲವು ಹಳೆಯ ಪ್ರತಿಗಳಲ್ಲಿ ಹೆಂಗಸರ ಆ ಎರಡು ವಚನಗಳು ಅಧ್ಯಾಯದ ಕೊನೆಗೆ ಹೋಗಿ ಕೂತಿವೆ. ಪಂಡಿತರು ಇವತ್ತಿಗೂ ಜಗಳವಾಡುತ್ತಾರೆ. ನಾನು ಪಂಡಿತನಲ್ಲ. ಆದರೆ ಅಜ್ಜಿಯ ಹಾಡನ್ನು ನುಂಗಿದ್ದು ಗಂಡಸಿನ ಬಾಯಿ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ.

ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಜನ ಇದಕ್ಕೆ ಬೇರೆಯೇ ದಾರಿ ಹಿಡಿದರು. ಎಲ್ಲರೂ ಮೌನವಾಗಿ ಕೂರುತ್ತಾರೆ. ಮಾತು ಬಂದವರು ಎದ್ದು ಹೇಳಿ ಕೂರುತ್ತಾರೆ. ಆಮೇಲೆ ಮತ್ತೆ ಮೌನ, ಆ ಮಾತು ಇಳಿಯುವಷ್ಟು ಹೊತ್ತು. ಕೊನೆಗೆ ಕೈಕುಲುಕಿದರೆ ಕೂಟ ಮುಗಿಯಿತು. (ಎಲ್ಲ ಕಡೆ ಹೀಗಿಲ್ಲ. ಕೀನ್ಯಾದ ಕ್ವೇಕರ್ ಸಭೆಗಳಲ್ಲಿ ಪಾಸ್ಟರ್, ಹಾಡು, ಪ್ರಸಂಗ ಎಲ್ಲವೂ ಉಂಟು.) ನಮ್ಮಲ್ಲಿ ಹತ್ತು ಸೆಕೆಂಡ್ ಮೌನ ಬಂದರೆ ಸಾಕು, ಯಾರಿಗೋ ಗಾಬರಿಯಾಗಿ ‘ಸ್ತೋತ್ರ, ಸ್ತೋತ್ರ’ ಎಂದು ತುಂಬಿಸಿಬಿಡುತ್ತಾರೆ. ಸಂಕೋಚದವರು ಬಾಯಿ ತೆರೆಯುವುದು ಆ ಹತ್ತು ಸೆಕೆಂಡಿನಲ್ಲೇ.

ಹಾಗಂತ ಕೈಗಡಿಯಾರ ಹಿಡಿದು ಕೂಟ ನಡೆಸಿ ಅಂತ ನಾನು ಹೇಳುತ್ತಿಲ್ಲ. ಮಗ ತೀರಿಹೋದ ತಾಯಿ ಮಾತಾಡಲು ಎದ್ದರೆ ಗಡಿಯಾರ ಯಾರು ನೋಡುತ್ತಾರೆ? ಪಾಸ್ಟರ್ ಬೇಡ ಅಂತಲೂ ಅಲ್ಲ. ಒಬ್ಬರೇ ಜಾಸ್ತಿ ಮಾತಾಡಿದರು ಅಂತ ಎಲ್ಲರ ಮಾತನ್ನೂ ಇನ್ನೊಬ್ಬರಿಗೇ ಒಪ್ಪಿಸುವುದು ಯಾವ ನ್ಯಾಯ?

ಕೊನೆಗೆ ಆ ಮನೆಯ ಅಕ್ಕನೇ ಬ್ರದರನ್ನು ಅಡುಗೆಮನೆಗೆ ಕರೆದು, ಚಹಾ ಕೊಟ್ಟು, ಮೆಲ್ಲಗೆ ಹೇಳಿದರು: “ಅಣ್ಣಾ, ಹೋದ ಸಲ ಅಜ್ಜಿ ಹಾಡದೇ ಹೋದರು.” ಅಷ್ಟೇ. ಅವರ ಮುಖ ಸಪ್ಪಗಾಯಿತು. ಪಾಪ, ಅವರಿಗೆ ಗೊತ್ತೇ ಇರಲಿಲ್ಲ.

ಈ ಬುಧವಾರ ಅವರು ಮಾತಾಡಿದ್ದು ಹನ್ನೆರಡು ನಿಮಿಷ. ಆದರೆ ಅಜ್ಜಿ ಬಂದಿರಲಿಲ್ಲ, ಮಂಡಿ ನೋವಂತೆ. ಯಾವ ಹಾಡು ಅಂತ ಫೋನ್ ಮಾಡಿ ಕೇಳಬೇಕು.