ಕಾಕಾನ ಕಟ್ಟಿ, ಜರ್ಸಿ ವಕೀಲನ ಮಂಗಳವಾರ

ನಮ್ಮ ಮಗ ಆಡೋ ಬೇಸ್‌ಬಾಲ್ ಟೀಮಿನ ಟೀ ಶರ್ಟಿನ ಬೆನ್ನ ಮ್ಯಾಲ ಒಬ್ಬ ವಕೀಲನ ಹೆಸರು, ಫೋನ್ ನಂಬರ್ ಇಷ್ಟ್ ದಪ್ಪ ಅಕ್ಷರದಾಗ ಅದ ನೋಡ್ರಿ, ಮೊದಲ ಸಲ ನೋಡ್ದಾಗ ನಗುನೇ ಬಂತು. ನಾ ಕಲಬುರಗಿಯಂವ, ಹದಿನಾಲ್ಕು ವರ್ಷ ಆತು ನ್ಯೂಜರ್ಸಿಗಿ ಬಂದು. ನಮ್ಮ ಕಡಿ ವಕೀಲ ಹಿಂಗ ಮಾಡಿದ್ರ ಲೈಸನ್ಸಿಗೇ ಕುತ್ತು, ಯಾಕಂದ್ರ ಬಾರ್ ಕೌನ್ಸಿಲ್ ರೂಲು 36ರ ಪ್ರಕಾರ ವಕೀಲ ಜಾಹೀರಾತು ಮಾಡಂಗಿಲ್ಲ, ಬೋರ್ಡು ಸುದ್ದಾ ಹದವಾದ ಸೈಜಿಂದೇ ಇರಬೇಕು, ಅದರ ಮ್ಯಾಲ ನಾ ಇಂಥ ಸಂಘದ ಅಧ್ಯಕ್ಷ ಅಂತ ಬರಕೊಳ್ಳಂಗಿಲ್ಲ. (ಶರಣಬಸವೇಶ್ವರ ಜಾತ್ರಿಗಿ ಕರಿ ಕೋಟಿನ ಫೋಟೋ ಹಾಕಿ ಶುಭ ಕೋರೋ ಫ್ಲೆಕ್ಸಿಗಿ ಈ ರೂಲು ಹತ್ತಂಗಿಲ್ಲ ಅಂತ ಕಾಣ್ತದ, ಇರಲಿ ಬಿಡ್ರಿ.) ಇಲ್ಲಿ ಅಮೆರಿಕಾದಾಗೂ 1977ರ ತನಕ ಹೆಚ್ಚುಕಡಿಮಿ ಹಿಂಗೇ ಇತ್ತಂತ, ಆಮ್ಯಾಲ ಇಲ್ಲಿನ ಸುಪ್ರೀಂ ಕೋರ್ಟು ಜಾಹೀರಾತಿಗಿ ಬಾಗಿಲ ತೆಗೀತು.

ಆ ಟೀ ಶರ್ಟಿನ ವಕೀಲನೇ ಇಲ್ಲಿ ನಾವಿರೋ ಊರಿನ ಝೋನಿಂಗ್ ಬೋರ್ಡಿನ (ಯಾರು ಎಲ್ಲಿ ಏನು ಕಟ್ಟಬಹುದು ಅಂತ ನೋಡೋ ಮಂಡಳಿ) ಮೆಂಬರು ಅಂತ ನನಗ ಗೊತ್ತಾಗಿದ್ದು ನಮ್ಮ ಬಾಜೂದವ್ರು ಮನಿ ಹಿಂದ ಡೆಕ್ (ಕಟ್ಟಿಗಿ ಜಗಲಿ) ಕಟ್ಟಾಕ ರೂಲಿನಿಂದ ವಿನಾಯಿತಿ ಕೇಳಿದಾಗ. ಇಂಥದಕ್ಕ ಇಲ್ಲಿ 200 ಫೂಟಿನೊಳಗಿನ ಎಲ್ಲಾ ಆಸ್ತಿದಾರರಿಗಿ ವಿಚಾರಣಿಗಿಂತ 10 ದಿನ ಮೊದಲೇ ನೋಟಿಸ್ ಕೊಡಬೇಕು, ನಮಗೂ ಬಂತು, ಮಂಗಳವಾರ ಸಂಜಿಮುಂದ ಹೋಗಿ ಹಿಂದಿನ ಖುರ್ಚಿದಾಗ ಕುಂತೆ. ಏಳು ಮಂದಿ, ಒಬ್ಬರಿಗೂ ಪಗಾರ ಇಲ್ಲ, ಮೂರು ಫೂಟ್ ಜಾಗದ ಸಲುವಾಗಿ ಮುಕ್ಕಾಲು ತಾಸು ನಕಾಶಿ ಹರವಿಕೊಂಡು ಕುಂತಿದ್ರು, ನನಗ ಆಕಳಿಕಿ. ಆಗ ಆ ವಕೀಲ ಕೇಳ್ದ, ಮಳಿ ಬಂದ್ರ ಈ ನೀರು ಯಾ ಕಡಿ ಹರೀತದ ಅಂತ.

ನನ್ನ ನಿದ್ದಿ ಹಾರಿಹೋತು. ಯಾಕಂದ್ರ ಎರಡು ಮಳಿಗಾಲದಿಂದ ನಮ್ಮವ್ವ ಫೋನಿನಾಗ ಹೇಳೋದು ಅದೊಂದೇ, "ಗಟಾರ ತುಂಬಿ ನೀರು ಮತ್ತ ಪಡಸಾಲಿಗಿ ಬಂದಾವಪ್ಪ." ನಮ್ಮ ಓಣ್ಯಾಗ ನಾಲ್ಕು ಮಂದಿ ವಕೀಲರು ಇದ್ದಾರ. ನಾಲ್ಕೂ ಮಂದಿ ಪ್ಯಾಂಟ್ ಎತ್ತಿ ಹಿಡಕೊಂಡು ಅದೇ ನೀರು ದಾಟಿ ಕೋರ್ಟಿಗಿ ಹೋಗತಾರ. ಅದರಾಗ ಒಬ್ಬ ನಮ್ಮ ಕಾಕಾ.

ಹಂಗಂತ ಕಾಕಾನ ಬೈಯಾಕ ನನಗ ಬಾಯಿ ಬರಂಗಿಲ್ಲ. ರವಿವಾರ ಮುಂಜಾನೆ ಅವನ ಕಟ್ಟಿ ನೋಡಬೇಕು ನೀವು. ಆಳಂದ, ಚಿತ್ತಾಪುರ ಕಡಿಂದ ಮೊದಲನೇ ಬಸ್ಸಿಗಿ ಬಂದವ್ರು ಕ್ಯಾರಿಬ್ಯಾಗಿನಾಗ ಕಾಗದ ಹಿಡಕೊಂಡು ಕುಂತಿರತಾರ, ಒಬ್ಬಾಕಿದು ಪಹಣಿದಾಗ ಗಂಡನ ಹೆಸರು ತಪ್ಪು, ಇನ್ನೊಬ್ಬಾಕಿಗಿ ವಿಧವಾ ವೇತನ ನಿಂತದ, ಕಾಕಾ ಲುಂಗಿ ಮ್ಯಾಲೇ ಕುಂತು ಚಾ ಕುಡಕೋತ ಅರ್ಜಿ ಬರದು ಕೊಡತಾನ, ರೊಕ್ಕ ಕೇಳಂಗಿಲ್ಲ, ಸುಗ್ಗಿ ಆದ ಮ್ಯಾಲ ಯಾರರ ಒಂದ್ ಚೀಲದಾಗ ತೊಗರಿ ಬ್ಯಾಳಿ ತಂದು ಇಟ್ಟು ಹೋಗತಾರ ಅಷ್ಟೇ. ಬಡವರಿಗಿ ಪುಕ್ಕಟೆ ಸಹಾಯ ಮಾಡೋದು ವಕೀಲನ ದೊಡ್ಡ ಕರ್ತವ್ಯ ಅಂತ ಬಾರ್ ಕೌನ್ಸಿಲ್ ರೂಲು 46ರಾಗ ಬರದದ, ಕಾಕಾ ಅದನ್ನ ಓದಿ ಮಾಡ್ಲಿಕತ್ತಿಲ್ಲ, ಅವರಪ್ಪನೂ ಹಂಗೇ ಕುಂಡರ್ತಿದ್ದ ಅಂತ ಇವನೂ ಕುಂಡರ್ತಾನ.

ಇಲ್ಲಿ ಎಲ್ಲಾ ತಾಸಿನ ಲೆಕ್ಕ. ವರ್ಷಕ್ಕ 50 ತಾಸು ಪುಕ್ಕಟೆ ಕೆಲಸ ಮಾಡ್ರಿ ಅಂತ ಅಮೆರಿಕನ್ ಬಾರ್ ಅಸೋಸಿಯೇಶನ್ ಹೇಳ್ತದ, ನ್ಯೂಯಾರ್ಕಿನಾಗ ಲೈಸನ್ಸ್ ಬೇಕಂದ್ರ ಮೊದಲೇ 50 ತಾಸು ಮಾಡಿರಬೇಕು, ನ್ಯೂಜರ್ಸಿದಾಗಂತೂ 1992ರ ಒಂದ್ ತೀರ್ಪಿನ ಮ್ಯಾಲ ಕೋರ್ಟೇ ಪಾಳಿ ಪ್ರಕಾರ ಪುಕ್ಕಟೆ ಕೇಸು ಹಚ್ಚೋ ಪದ್ಧತಿ ಬಂತು, ಒಪ್ಪಿಗಿ ಇರೋ ಸಂಸ್ಥಾದಾಗ 25 ತಾಸು ಮಾಡಿದವ್ರಿಗಿ ಮುಂದಿನ ವರ್ಷ ಬಿಡುಗಡಿ ಇತ್ತು. ಕಾಕಾಗ ಹೇಳಿದ್ರ ಬಿದ್ದು ಬಿದ್ದು ನಕ್ಕ. "ಐವತ್ತ್ ತಾಸ? ಅಷ್ಟು ನಂದು ಶ್ರಾವಣ ಮುಗಿಯೋದ್ರಾಗ ಆಗ್ತದಲೋ."

ಹೌದು, ಆಗ್ತದ. ಆದ್ರ ಗಟಾರ? ನೀರು, ಲೈಟು, ಸ್ವಚ್ಛತಾ ಇಂಥ ತಕರಾರಿಗಂತನೇ ಕಾಯಂ ಜನತಾ ನ್ಯಾಯಾಲಯ ಕಲಬುರಗಿದಾಗೇ ಅದ, ಕೋರ್ಟ್ ಫೀ ಸುದ್ದಾ ಇಲ್ಲ, ಇದು ಕಾಕಾಗ ನನಕಿಂತ ಚೊಲೋ ಗೊತ್ತದ. "ಮತ್ತ ನೀ ಯಾಕ ಹಾಕಬಾರ್ದು ಕಾಕಾ" ಅಂದೆ. ಸುಮ್ಮನಾದ, ಆಮ್ಯಾಲ ಅಂದ, "ನಾ ಹಾಕಿದ್ರ ಓಣಿ ಮಂದಿ ಏನಂತಾರ ಗೊತ್ತದೇನು? ಇಂವ ಕಾರ್ಪೊರೇಶನ್ ಎಲೆಕ್ಷನ್ನಿಗಿ ನಿಂದರ್ತಾನ ಅಂತಾರ."

ಇಲ್ಲೇ ಅದ ನೋಡ್ರಿ ಗಂಟು. ನಮ್ಮ ಕಡಿ ವಕೀಲ ಊರ ಕೆಲಸಕ್ಕ ಇಳಿದ್ರ ಟಿಕೆಟ್ಟಿಗೇ ಇಳದಾನ ಅಂತ ಮಂದಿ ತಿಳಕೊಳ್ತಾರ, ಹಂಗ ತಿಳ್ಕೊಳ್ಳಾಕ ಕಾರಣನೂ ಅದ. ಮಲ್ಲಿಕಾರ್ಜುನ ಖರ್ಗೆಯವ್ರು ಕಲಬುರಗಿದಾಗೇ ಶಂಕರಲಾಲ್ ಲಾಹೋಟಿ ಕಾಲೇಜಿನಾಗ ಕಾನೂನು ಓದಿ 1969ರಾಗ ಎಂಎಸ್‌ಕೆ ಬಟ್ಟಿ ಮಿಲ್ಲಿನ ಯೂನಿಯನ್ನಿಗಿ ಕಾನೂನು ಸಲಹೆಗಾರ ಆದ್ರು, 1972ರಾಗ ಗುರಮಿಟಕಲ್ ಎಂಎಲ್ಎ. ಅದು ತಪ್ಪಲ್ಲ. ಆದ್ರ ಕಟ್ಟಿ ಮತ್ತ ಎಲೆಕ್ಷನ್ ನಡುವ ಇನ್ನೊಂದು ಖುರ್ಚಿ ನಮಗ ಕಾಣೋದೇ ಇಲ್ಲ, ಆ ಮಂಗಳವಾರದ ಬ್ಯಾಸರದ ಖುರ್ಚಿ, ಕೂತ್ರ ಹಾರ ಇಲ್ಲ, ಶಾಲು ಇಲ್ಲ. ಜರ್ಸಿ ವಕೀಲ ದೊಡ್ಡ ಸಂತ ಅಂತ ನಾ ಹೇಳ್ಲಿಕತ್ತಿಲ್ಲ, ಊರಾಗ ಮುಖ ಕಂಡಷ್ಟು ಕೇಸು ಬರ್ತಾವ ಅಂತ ಅವನೂ ಲೆಕ್ಕ ಹಾಕೇ ಇರ್ತಾನ, ಆದ್ರ ನೀರು ಯಾ ಕಡಿ ಹರೀತದ ಅಂತ ಕೇಳಿದನಲ್ಲ.

ಒಟ್ಟಾಗಿ ನಿಂತ್ರ ನಮ್ಮವರಿಗಿ ಆಗಂಗಿಲ್ಲ ಅಂತೇನಿಲ್ಲ. ಹೈಕೋರ್ಟ್ ಕೇಸು ಅಂದ್ರ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗಿ ಹೋಗೋ ಕಾಲ ಇತ್ತು, ವರ್ಷಾನುಗಟ್ಟಲೆ ಹೋರಾಟ ಮಾಡಿ 2008ರಾಗ ಕಲಬುರಗಿಗೇ ಹೈಕೋರ್ಟಿನ ಸಂಚಾರಿ ಪೀಠ ತಂದ್ರು, 2013ರಾಗ ಅದು ಕಾಯಂ ಆತು. ಪೀಠ ತಂದವರಿಗಿ ಗಟಾರ ಯಾಕ ಭಾರ ಆತೋ.

ಹೋದ ವಾರ ಕಾಕಾ ಒಂದ್ ಹಾದಿ ಹುಡುಕ್ಯಾನ. ಗಟಾರದ ಟೆಂಡರ್ ಏನಾತು ಅಂತ ಮಾಹಿತಿ ಹಕ್ಕಿನಾಗ ಅರ್ಜಿ, ಫೀ 10 ರೂಪಾಯಿ, ಕರ್ನಾಟಕದಾಗ 150 ಶಬ್ದ ದಾಟಂಗಿಲ್ಲ, ಒಂದೇ ವಿಷಯ ಇರಬೇಕು, ಅದರಾಗ ಅಂವ ಪಂಡಿತ. ಬರದಂವ ಅಂವ, ಸಹಿ ಮಾತ್ರ ನಮ್ಮವ್ವಂದು. ವಾಟ್ಸಾಪಿನಾಗ ಫೋಟೋ ಕಳಿಸ್ಯಾನ, ಝೂಮ್ ಮಾಡಿ ನೋಡ್ದೆ, ಕಾಕಾನ ಹೆಸರು ಎಲ್ಲೂ ಇಲ್ಲ. 30 ದಿನ ಟೈಮ್ ಅದ. ಅವ್ವ ಬಾಗಿಲಿಗಿ ಎರಡು ಇಟ್ಟಂಗಿ ಅಡ್ಡ ಇಟ್ಟು ಕುಂತಾಳ.